ಪ್ರೊಸೆಸರ್ 93 ಡಿಗ್ರಿ ಬಿಸಿಯಾದರೆ ಸುಟ್ಟುಹೋಗುತ್ತದೆಯೇ?

ಕಳೆದ ಬೇಸಿಗೆಯಲ್ಲಿ ಸಂದರ್ಶನವೊಂದರ ವೀಡಿಯೋ ಎಡಿಟ್ ಮಾಡುತ್ತಿದ್ದಾಗ ನನ್ನ ಲ್ಯಾಪ್‌ಟಾಪ್ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗಿತು, ಕೆಲಸವೂ ತೆವಳತೊಡಗಿತು. ತಾಪಮಾನ ತೋರಿಸುವ ತಂತ್ರಾಂಶ ಹಾಕಿ ನೋಡಿದರೆ 93 ಡಿಗ್ರಿ ಸೆಲ್ಷಿಯಸ್! ರಿಪೇರಿ ಅಂಗಡಿಯಲ್ಲಿ ಅದನ್ನು ನೋಡಿದವರು, "ಪ್ರೊಸೆಸರ್ ಸುಟ್ಟುಹೋಗೋ ಹಂತದಲ್ಲಿದೆ, ಬೋರ್ಡೇ ಬದಲಾಯಿಸಬೇಕು" ಎಂದರು. ಅದರ ಬೆಲೆ ಕೇಳಿ ನನ್ನ ಮೈಯೂ ಬಿಸಿಯಾಯಿತು. ದುಡ್ಡು ಕೊಡುವ ಮೊದಲು ಈ 93 ಎಲ್ಲಿಂದ ಬಂತು ಎಂದು ಹುಡುಕಿ ಓದಿದೆ.

ಜ್ವರ ಬಂದಾಗ ಥರ್ಮಾಮೀಟರ್ ಇಟ್ಟು ನೋಡುತ್ತೇವಲ್ಲ, ಪ್ರೊಸೆಸರಿನ ಅಂಕಿ ಅಂಥದ್ದಲ್ಲ. ಇಂಟೆಲ್ ಪ್ರೊಸೆಸರುಗಳಲ್ಲಿ ಪ್ರತಿ ಕೋರ್‌ನೊಳಗೂ ಒಂದು ಸಂವೇದಕ, ಅಂದರೆ ಸೆನ್ಸರ್ ಇರುತ್ತದೆ. ಅದು 'ನಾನು ಇಷ್ಟು ಬಿಸಿಯಾಗಿದ್ದೇನೆ' ಎಂದು ಹೇಳುವುದಿಲ್ಲ. 'ಗರಿಷ್ಠ ಮಿತಿಗೆ ಇನ್ನು ಇಷ್ಟು ಡಿಗ್ರಿ ಬಾಕಿ' ಎಂದಷ್ಟೇ ಹೇಳುತ್ತದೆ. ಅನೇಕ ಮಾದರಿಗಳಲ್ಲಿ ಈ ಮಿತಿ 100 ಡಿಗ್ರಿ. ಸಂವೇದಕ 7 ಎಂದರೆ ತಂತ್ರಾಂಶ 100ರಿಂದ ಅದನ್ನು ಕಳೆದು 93 ಎಂದು ತೋರಿಸುತ್ತದೆ. ಮಿತಿಯನ್ನೇ ತಂತ್ರಾಂಶ ತಪ್ಪಾಗಿ ತಿಳಿದುಕೊಂಡಿದ್ದರೆ ಉತ್ತರವೂ ತಪ್ಪು.

ಈ ಸಂವೇದಕ ಇರುವುದು ಮುಖ್ಯವಾಗಿ ಪ್ರೊಸೆಸರನ್ನು ಕಾಯುವುದಕ್ಕೆ. ಹಾಗಾಗಿ ಮಿತಿಯ ಹತ್ತಿರ ಅದರ ಲೆಕ್ಕ ಸಾಕಷ್ಟು ನಿಖರ, ದೂರ ಹೋದಂತೆ ಸಡಿಲ. ಬರೀ ಫ್ಯಾನಿರುವ ಕಂಪ್ಯೂಟರಿನಲ್ಲಿ ಕೋಣೆಗಿಂತಲೂ ಪ್ರೊಸೆಸರ್ ತಣ್ಣಗಿದೆ ಎಂದು ಕಂಡರೆ ಖುಷಿಪಡಬೇಡಿ, ಅದು ಅಳತೆಯ ದೋಷ. ಬ್ರೌಸರ್ ತೆರೆದ ಕ್ಷಣ ಅಂಕಿ ಹತ್ತು ಡಿಗ್ರಿ ಜಿಗಿದರೂ ಹೆದರಬೇಕಿಲ್ಲ. ಉಗುರಿನಷ್ಟಗಲದ ಸಿಲಿಕಾನ್ ತುಂಡು ಬಿಸಿಯಾಗಲು ಎಷ್ಟು ಹೊತ್ತು ಬೇಕು?

ಅಂಕಿಗೆ ಬೇಕೆಂದೇ ಕೂಡಿಸಿದ ಉದಾಹರಣೆಯೂ ಇದೆ. 2017ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 7 1800ಎಕ್ಸ್ ನಿಜವಾದ ತಾಪಮಾನಕ್ಕೆ 20 ಡಿಗ್ರಿ ಸೇರಿಸಿ ವರದಿ ಮಾಡುತ್ತಿತ್ತು. ಬೇರೆ ಬೇರೆ ಮಾದರಿಗಳಲ್ಲಿ ಫ್ಯಾನಿನ ವರ್ತನೆ ಒಂದೇ ರೀತಿ ಇರಲಿ ಎಂಬುದು ಇದರ ಉದ್ದೇಶ. ಗೊತ್ತಿಲ್ಲದವರು ಸುಮ್ಮನೆ ಗಾಬರಿಯಾದರು. ಅದೇ ಕಂಪನಿಯ 2022ರ ರೈಜನ್ 7000 ಸರಣಿಯ ಹಲವು ಪ್ರೊಸೆಸರುಗಳಂತೂ ಭಾರೀ ಕೆಲಸದ ವೇಳೆ 95 ಡಿಗ್ರಿ ಮುಟ್ಟುವಂತೆಯೇ ರೂಪುಗೊಂಡಿವೆ.

ಹಾಗಾದರೆ ಮಿತಿ ಮುಟ್ಟಿದರೆ? ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಎಂದು ಹೆಸರು. ಆಗಲೂ ಬಿಸಿ ಏರುತ್ತಲೇ ಹೋದರೆ ಕಂಪ್ಯೂಟರ್ ಆಫ್ ಆಗುತ್ತದೆ. ನಾವು ಗಮನಿಸಬೇಕಾದದ್ದು ತಾಪಮಾನದ ಜೊತೆಗೆ ಗಡಿಯಾರದ ವೇಗವನ್ನು, ಅಂದರೆ ಗಿಗಾಹರ್ಟ್ಸ್ ಅಂಕಿಯನ್ನು. ಏನೂ ಕೆಲಸವಿಲ್ಲದಾಗಲೂ 80ರ ಮೇಲಿದ್ದರೆ, ಅಥವಾ ಕೆಲಸದ ನಡುವೆ ವೇಗ ಪದೇಪದೇ ಕುಸಿಯುತ್ತಿದ್ದರೆ ಶಾಖ ಹೊರಹೋಗುವ ದಾರಿಯಲ್ಲಿ ಏನೋ ಅಡ್ಡಿಯಿದೆ. ಸಾಮಾನ್ಯವಾಗಿ ಅದು ಧೂಳು, ಒಣಗಿದ ಥರ್ಮಲ್ ಪೇಸ್ಟ್, ಇಲ್ಲವೇ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಳಸುವ ನಮ್ಮ ಅಭ್ಯಾಸ.

ನನ್ನದರಲ್ಲಿ ಇದ್ದದ್ದು ಬೆರಳುದ್ದದ ಧೂಳಿನ ಪಟ್ಟಿ. ಬೇರೆ ಅಂಗಡಿಯಲ್ಲಿ ಅದನ್ನು ತೆಗೆಸಿ ಪೇಸ್ಟ್ ಹಚ್ಚಿಸಿದೆ. ಎಡಿಟ್ ಮಾಡುವಾಗ ತಾಪಮಾನ ಈಗಲೂ 90ರ ಆಸುಪಾಸಿನಲ್ಲೇ ಇದೆ! ಶಾಖ ಬೇಗ ಹೊರಹೋಗುವುದರಿಂದ ಪ್ರೊಸೆಸರ್ ಅಷ್ಟೇ ಬಿಸಿಯಲ್ಲಿ ಹೆಚ್ಚು ವೇಗವಾಗಿ ಓಡುತ್ತಿದೆ, ಅಷ್ಟೆ. ಬೋರ್ಡ್ ಮಾತ್ರ ಹಳೆಯದೇ.