ತಾಯಿಯ ಬಾಲ್ಯ ಮತ್ತು ಮಗುವಿನ ಆರೋಗ್ಯ

ಮಗುವಿನ ಬೆಳವಣಿಗೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಗರ್ಭಾವಸ್ಥೆಯಿಂದ ಆರಂಭಿಸುತ್ತೇವೆ. ತಾಯಿಯ ಆಹಾರ, ರಕ್ತಹೀನತೆ, ಲಸಿಕೆ ಇವೆಲ್ಲ ಪಾಠದಲ್ಲಿ ಬರುತ್ತವೆ. ಆದರೆ ಆ ತಾಯಿ ಒಂದು ಕಾಲಕ್ಕೆ ಹೇಗೆ ಬೆಳೆದ ಬಾಲಕಿ ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಈ ಪ್ರಶ್ನೆಗೆ ತಳಹದಿ ಹಾಕಿದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆದ ಅಧ್ಯಯನ. ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರ ತಂಡ 1998ರಲ್ಲಿ ಇದನ್ನು ಪ್ರಕಟಿಸಿತು. ದೈಹಿಕ, ಮಾನಸಿಕ ಹಾಗೂ ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ತಾಯಿಯ ಮೇಲೆ ಹಲ್ಲೆ, ಮನೆಯವರ ಮಾನಸಿಕ ಕಾಯಿಲೆ, ಜೈಲುವಾಸ ಮುಂತಾದವನ್ನು ತಂಡವು ‘ಬಾಲ್ಯದ ಪ್ರತಿಕೂಲ ಅನುಭವಗಳು’ ಎಂದು ಗುರುತಿಸಿತು. ಇಂಥ ಅನುಭವಗಳ ಸಂಖ್ಯೆ ಹೆಚ್ಚಿದಂತೆ ದೊಡ್ಡವರಾದ ಮೇಲೆ ಹೃದ್ರೋಗ, ಖಿನ್ನತೆ, ಮದ್ಯವ್ಯಸನಗಳ ಸಂಭವವೂ ಹೆಚ್ಚುತ್ತಿತ್ತು.

ಇದರ ಪರಿಣಾಮ ಮುಂದಿನ ಪೀಳಿಗೆಗೆ ತಲುಪುವುದು ಹೇಗೆ? ಕೆನಡಾದಲ್ಲಿ 501 ತಾಯಿ-ಮಗು ಜೋಡಿಗಳನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವು ಎರಡು ದಾರಿಗಳನ್ನು ತೋರಿಸಿತು. ಮೊದಲನೆಯದು ದೇಹದ ದಾರಿ: ಗರ್ಭಾವಸ್ಥೆಯ ತೊಡಕುಗಳು, ಅವುಗಳಿಂದ ಹೆರಿಗೆಯ ಹೊತ್ತಿನ ತೊಂದರೆಗಳು, ಮುಂದೆ ಮಗುವಿನ ದೈಹಿಕ ಆರೋಗ್ಯದ ಕುಂದು. ಎರಡನೆಯದು ಮನಸ್ಸಿನ ಮತ್ತು ಸಂಸಾರದ ದಾರಿ: ತಾಯಿಯ ಖಿನ್ನತೆ, ದಾಂಪತ್ಯದ ಕಲಹ, ಆರ್ಥಿಕ ಅಡಚಣೆಗಳ ಮೂಲಕ ಮಗುವಿನ ಭಾವನಾತ್ಮಕ ಆರೋಗ್ಯದ ಮೇಲಾಗುವ ಪರಿಣಾಮ.

ದೇಹದ ದಾರಿಯನ್ನು ಹೀಗೆ ವಿವರಿಸಬಹುದು. ಭಯವಾದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ಅಪಾಯ ಕಳೆದ ಮೇಲೆ ಇಳಿಯುತ್ತದೆ. ಬಾಲ್ಯದಲ್ಲಿ ಭಯವೇ ನಿತ್ಯದ ಸ್ಥಿತಿಯಾದರೆ ಈ ಏರಿಳಿತದ ನಿಯಂತ್ರಣ ಹದಗೆಡಬಹುದು. ಗರ್ಭಿಣಿಯಲ್ಲಿ ಒತ್ತಡದ ಹಾರ್ಮೋನುಗಳ ವ್ಯತ್ಯಯವು ಅವಧಿಪೂರ್ವ ಹೆರಿಗೆಗೆ ಕಾರಣವಾಗುವ ಅಂಶಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ.

ಈ ಪಾಠವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳು ಎರಡು ತಪ್ಪು ತೀರ್ಮಾನಗಳನ್ನು ತಡೆಯಬೇಕು. ಒಂದು, ತಾಯಿಯನ್ನೇ ದೂರುವುದು. ದೌರ್ಜನ್ಯಕ್ಕೆ ಒಳಗಾದವಳೇ ಅವಳು, ತಪ್ಪು ಅವಳದಲ್ಲ. ಎರಡು, ಇದನ್ನು ಹಣೆಬರಹವೆಂದು ತಿಳಿಯುವುದು. ಇವು ಗುಂಪಿನಲ್ಲಿ ಕಾಣುವ ಸಂಭವಗಳು. ಒಬ್ಬ ವ್ಯಕ್ತಿಯ ಭವಿಷ್ಯವನ್ನು ಹೇಳುವುದಿಲ್ಲ. ಕಷ್ಟದ ಬಾಲ್ಯ ಕಂಡ ಎಷ್ಟೋ ತಾಯಂದಿರ ಮಕ್ಕಳು ಆರೋಗ್ಯವಾಗಿಯೇ ಬೆಳೆಯುತ್ತಾರೆ. ನಂಬಿಕೆಯ ಒಬ್ಬ ಹಿರಿಯರ ಆಸರೆ ಸಿಕ್ಕರೂ ಒತ್ತಡದ ಹಾನಿ ತಗ್ಗುತ್ತದೆ.

ಶಾಲೆಯ ಪಾತ್ರ ಇಲ್ಲೇ ಇದೆ. ಇದ್ದಕ್ಕಿದ್ದಂತೆ ಮೌನಿಯಾದ, ಗೈರುಹಾಜರಿ ಹೆಚ್ಚಿದ ಏಳನೇ ತರಗತಿಯ ಹುಡುಗಿಯನ್ನು ‘ಗಮನವಿಲ್ಲದವಳು’ ಎಂದು ಬರೆದು ಮುಗಿಸಬಾರದು. ಅವಳೊಡನೆ ಏಕಾಂತದಲ್ಲಿ, ಒತ್ತಾಯವಿಲ್ಲದೆ ಮಾತನಾಡಬೇಕು. ಎಲ್ಲರೆದುರು ಮನೆಯ ವಿಷಯ ಕೆದಕಬಾರದು. ಅಗತ್ಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಇಂದು ಆ ಹುಡುಗಿಗೆ ಸಿಗುವ ಆಸರೆ ಮುಂದೊಂದು ದಿನ ಅವಳ ಮಗುವಿಗೂ ಸಲ್ಲಬಹುದು.