ಅನುಕ್ರಮದ ಗಣವಿಭಾಗ: ಛಂದಸ್ಸಿನಲ್ಲಿಯೂ ರೂಬಿಯಲ್ಲಿಯೂ

ಸಾಲಾಗಿ ನಿಂತವುಗಳನ್ನು ಗುಂಪುಗೂಡಿಸುವ ಕ್ರಮವು ಎರಡು ತೆರನಾದುದು. ಜಾತಿಯೊಂದನ್ನೇ ನೋಡಿ ಒಟ್ಟುಮಾಡುವುದು ಮೊದಲನೆಯದು; ನೆರೆಯನ್ನು ಕೆಡಿಸದೆ, ಇದ್ದ ಎಡೆಯಲ್ಲಿಯೇ ಗೆರೆಯೆಳೆಯುವುದು ಎರಡನೆಯದು. ನಾಗವರ್ಮನ ‘ಛಂದೋಂಬುಧಿ’ಯಿಂದ ಮೊದಲ್ಗೊಂಡು ಕನ್ನಡ ಛಂದಶ್ಶಾಸ್ತ್ರವು ಹಿಡಿದ ದಾರಿ ಎರಡನೆಯದು. ಜಪಾನಿನ ಯುಕಿಹಿರೊ ಮತ್ಸುಮೊತೊ ಎಂಬವರು 1995ರಲ್ಲಿ ಲೋಕಕ್ಕೆ ಕೊಟ್ಟ ರೂಬಿಯೆಂಬ ಗಣಕಭಾಷೆಯಲ್ಲಿ ಎರಡಕ್ಕೂ ಬೇರೆಬೇರೆ ಸಾಧನಗಳುಂಟು.

ನೇತ್ರಾವತಿಯ ತೆಂಕಣ ದಡದ ತೊಕ್ಕೊಟ್ಟು, ಅದರ ನೆರೆಯ ಉಳ್ಳಾಲ ಎಂಬೆರಡು ಹೆಸರುಗಳನ್ನು ಉದಾಹರಣೆಗೆ ಕೊಳ್ಳಬಹುದು. ಒತ್ತಕ್ಷರದ ಹಿಂದಿನ ಅಕ್ಷರವು ಗುರುವಾಗುವುದರಿಂದ ತೊಕ್ಕೊಟ್ಟು ಎಂಬುದು ಗುರು, ಗುರು, ಲಘು; ಉಳ್ಳಾಲವೂ ಹಾಗೆಯೇ. ಸಂಧಿಮಾಡದೆ ಇವನ್ನು ಒಂದೇ ಸಾಲಿನಲ್ಲಿಟ್ಟರೆ ಆರು ಅಂಶಗಳಾಗುವುವು.

‘ಗ್ರೂಪ್ ಬೈ’ ಎಂಬುದು ಇವನ್ನು ನಾಲ್ಕು ಗುರು, ಎರಡು ಲಘು ಎಂದು ಎರಡೇ ರಾಶಿ ಮಾಡುವುದು. ಪದ್ಯದ ನಡೆ ಅಲ್ಲಿಗೆ ಅಳಿಯಿತು. ‘ಚಂಕ್’ ಎಂಬುದಾದರೋ ಒಂದೇ ಬಗೆಯವು ಒತ್ತಾಗಿರುವಷ್ಟನ್ನು ಮಾತ್ರ ಕೂಡಿಸಿ, ಗುರುದ್ವಯ, ಲಘು, ಗುರುದ್ವಯ, ಲಘು ಎಂದು ನಾಲ್ಕು ಗುಂಪುಗಳನ್ನು ಕೊಡುವುದು. ‘ಈಚ್ ಸ್ಲೈಸ್’ ಎಂಬುದಕ್ಕೆ ಮೂರೆಂದು ಹೇಳಿದರೆ ಎರಡು ತಗಣಗಳು ದೊರೆಯುವುವು. ಅಕ್ಷರಗಣದ ಪದ್ಧತಿಯೇ ಇದು. ಇನ್ನು 2014ರಲ್ಲಿ ಬಂದ ‘ಸ್ಲೈಸ್ ವೆನ್’ ಎಂಬುದು ಅಕ್ಕಪಕ್ಕದ ಎರಡೆರಡು ಅಂಶಗಳನ್ನು ನೋಡಿ, ನಿಯಮವು ನಿಜವಾದೆಡೆ ಕಡಿಯುವುದು. ಮರುವರ್ಷದ ‘ಚಂಕ್ ವೈಲ್’ ಇದರ ವಿಲೋಮ. ನಿಯಮವು ಸುಳ್ಳಾದೆಡೆ ಕಡಿಯುವುದು.

ಮಾತ್ರಾಗಣಕ್ಕೆ ಇಷ್ಟು ಸಾಲದು. ಅಲ್ಲಿ ಗಡಿಯನ್ನು ಗೊತ್ತುಮಾಡುವುದು ನೆರೆಯ ಜೋಡಿಯಲ್ಲ, ಅಲ್ಲಿಯವರೆಗಿನ ಮೊತ್ತ. ಆದುದರಿಂದ ಮೊತ್ತವನ್ನು ಹೊರಗೆ ಬೇರೊಂದು ಹೆಸರಿನಲ್ಲಿ ಇರಿಸಿಕೊಂಡು, ‘ಸ್ಲೈಸ್ ವೆನ್’ ಒಂದೊಂದು ಜೋಡಿಯನ್ನು ನೋಡುವಾಗಲೂ ಅದರ ಮೊದಲ ಅಂಶದ ಮಾತ್ರೆಯನ್ನು ಅದಕ್ಕೆ ಕೂಡಬೇಕು. ಐದು ತುಂಬಿದೊಡನೆ ಕಡಿದು, ಮೊತ್ತವನ್ನು ಸೊನ್ನೆಗೆ ತರಬೇಕು. ಆಗ ಮೇಲಿನ ಸಾಲು ಐದೈದು ಮಾತ್ರೆಗಳ ಎರಡು ಗಣಗಳಾಗಿ ಸಮನಾಗಿ ಒಡೆಯುವುದು. ವಾರ್ಧಕಷಟ್ಪದಿಗೆ ಇದು ಒಪ್ಪುವುದು.

ಮೂರು ನಾಲ್ಕರ ಭಾಮಿನಿಷಟ್ಪದಿಯ ಪಾದದ ಮೊದಲಲ್ಲಿ ಇದೇ ಸಾಲು ನಿಲ್ಲದು. ಮೊದಲ ಗುರುವಿಗೆ ಎರಡು, ಎರಡನೆಯದರೊಡನೆ ನಾಲ್ಕು. ಮೂರನೆಯ ಮಾತ್ರೆಯಲ್ಲಿ ಬೀಳಬೇಕಾದ ಗೆರೆ ಗುರುವಿನ ನಡುವೆ ಬೀಳುವುದು, ಗುರುವನ್ನೋ ಒಡೆಯಲಾಗದು. ಮೊತ್ತವು ಮೂರನ್ನು ಮುಟ್ಟಿತೇ ಎಂದಷ್ಟೇ ಕೇಳುವ ಕ್ರಮವಿಧಿಯು ಈ ದೋಷವನ್ನು ಕಾಣದೆ ಮುಂದೆ ಹೋಗುವುದು; ಸರಿಯಾಗಿ ಮೂರೇ ಆಯಿತೇ ಎಂದು ಕೇಳುವುದು ಅಲ್ಲಿಯೇ ತಡೆಯುವುದು. ಛಂದೋಭಂಗವನ್ನು ಗಣಕಯಂತ್ರದಿಂದ ಹುಡುಕಿಸುವವರಿಗೆ ಈ ಭೇದವೇ ಮುಖ್ಯವಾದುದು.