ರಾಗಿ ಸರಿಯೊಂದೇ ಸರಿಯೇ? – ವರ್ಷ ತುಂಬಿದ ಮಗುವಿನ ಊಟದ ಕುರಿತು

ನಮ್ಮ ಮೊಮ್ಮಗಳಿಗೆ ಹದಿಮೂರು ತಿಂಗಳು. ಜನವರಿಯ ಒಂದು ಸಂಜೆ ಸೊಸೆ ನನ್ನನ್ನು ಕೇಳಿದಳು: "ಮಾವ, ಮಗು ಮುಖ ಸ್ವಲ್ಪ ಬಿಳಿಚಿಕೊಂಡ ಹಾಗೆ ಕಾಣಿಸಲ್ವಾ?" ನಾನು, "ಚಳಿಗಾಲ ಅಲ್ವೇನಮ್ಮ, ಬಿಸಿಲು ಕಂಡಿಲ್ಲ, ಅಷ್ಟೇ" ಎಂದುಬಿಟ್ಟೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವೈದ್ಯನಾಗಿ ಕೆಲಸ ಮಾಡಿದವನು ನಾನು. ಬೇರೆಯವರ ಮಗುವಾಗಿದ್ದರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದೆ. ನಮ್ಮ ಮನೆಯ ಮಗುವಿಗೆ ಅಷ್ಟೂ ಮಾಡಲಿಲ್ಲ.

ಎರಡು ವಾರದ ನಂತರ ಮಗುವಿಗೆ ಜ್ವರ ಬಂತು. ಮನೆವೈದ್ಯರು, ಅಂದರೆ ಇಲ್ಲಿನ ಹೌಸ್‌ಆರ್ಟ್ಸ್, ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 5.7 ಮಿಲಿಮೋಲ್. ಭಾರತದಲ್ಲಿ ನಾವು ಬಳಸುವ ಲೆಕ್ಕದಲ್ಲಿ 9.2 ಗ್ರಾಂ. ಆರರಿಂದ ಇಪ್ಪತ್ಮೂರು ತಿಂಗಳ ಮಗುವಿಗೆ 10.5 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ನಿಗದಿ ಮಾಡಿದೆ. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಕೂಡ ತಳ ಕಂಡಿತ್ತು.

ಮನೆಯಲ್ಲಿ ಎಲ್ಲರಿಗೂ ಆಘಾತವಾಯಿತು. ನನ್ನ ಹೆಂಡತಿಗಂತೂ ಹೇಳತೀರದ ಬೇಸರ. "ಡಬ್ಬಿ ಹಿಟ್ಟು ಮುಟ್ಟಿಸಿಲ್ಲ, ಬಿಸ್ಕತ್ತು ಕೊಟ್ಟಿಲ್ಲ. ಎರಡು ಹೊತ್ತು ರಾಗಿ ಸರಿ, ಹೊಟ್ಟೆ ತುಂಬ ಹಾಲು. ಇನ್ನೇನು ಕೊಡಬೇಕಿತ್ತು ನಾನು?" ಎಂದಳು. ಆ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹುಡುಕಲು ಹೊರಟದ್ದೇ ಈ ಲೇಖನ. ನಮ್ಮ ಸಂಘದ ಹಲವು ಮನೆಗಳಲ್ಲಿ ಇದೇ ವಯಸ್ಸಿನ ಮಕ್ಕಳಿದ್ದಾರೆ; ಊರಿನಿಂದ ಬಂದ ಅಜ್ಜಿಯಂದಿರ ಸೂಟ್‌ಕೇಸಿನಲ್ಲಿ ರಾಗಿ ಹಿಟ್ಟೂ ಬರುತ್ತದೆ.

ರಾಗಿಯ ನಿಜವಾದ ಬಲ

ಮೊದಲು ರಾಗಿಗೆ ಸಲ್ಲಬೇಕಾದದ್ದು ಸಲ್ಲಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿರುವುದು ಸುಮಾರು 120. ಅಕ್ಕಿಯಲ್ಲಿ ಹತ್ತನ್ನೂ ಮುಟ್ಟುವುದಿಲ್ಲ. ನಾರು ಇದೆ; ಸಕ್ಕರೆ ಬೆರೆಸಿದ ತಯಾರಿ ಆಹಾರಗಳಿಗಿಂತ ಎಷ್ಟೋ ಮೇಲು. ಹಳೇ ಮೈಸೂರಿನ ಸರಿ, ಮಲೆನಾಡು ಕರಾವಳಿಯ ಮಣ್ಣಿ, ಎರಡೂ ಮಗುವಿನ ಮೊದಲ ಊಟವಾಗಿ ಬಂದದ್ದು ಸುಮ್ಮನೆ ಅಲ್ಲ.

ಆದರೆ ಕಬ್ಬಿಣದ ಲೆಕ್ಕ ಬೇರೆ. ನೂರು ಗ್ರಾಂ ರಾಗಿಯಲ್ಲಿ ಕಬ್ಬಿಣ ಸುಮಾರು 4.6 ಮಿಲಿಗ್ರಾಂ. ವರ್ಷದ ಮಗು ಎರಡು ಬಟ್ಟಲು ಸರಿಯಲ್ಲಿ ತಿನ್ನುವ ಹಿಟ್ಟು ಹೆಚ್ಚೆಂದರೆ 30 ಗ್ರಾಂ. ಅಂದರೆ 1.4 ಮಿಲಿಗ್ರಾಂ ಕಬ್ಬಿಣ. ದಿನಕ್ಕೆ ಬೇಕಾದದ್ದು 7ರಿಂದ 8 ಮಿಲಿಗ್ರಾಂ. ಇದರ ಜೊತೆಗೆ ರಾಗಿಯಲ್ಲಿ ಫೈಟೇಟ್ ಮತ್ತು ಟ್ಯಾನಿನ್ ಎಂಬ ಎರಡು ವಸ್ತುಗಳಿವೆ. ಇವು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಸಿಗದಂತೆ ಮಾಡುತ್ತವೆ. ನೂರು ಪಾಲಿನಲ್ಲಿ ಐದು ಪಾಲು ರಕ್ತಕ್ಕೆ ಸೇರಿದರೂ ದಕ್ಕುವುದು 0.07 ಮಿಲಿಗ್ರಾಂ, ಮಗುವಿನ ದೇಹಕ್ಕೆ ದಿನವೂ ಸೇರಬೇಕಾದದ್ದು ಅರ್ಧ ಮಿಲಿಗ್ರಾಂಗೂ ಹೆಚ್ಚು.

ತಾಯಿಯ ಗರ್ಭದಿಂದ ಮಗು ತಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಅಲ್ಲಿಂದ ಮುಂದೆ ತಟ್ಟೆಯಿಂದಲೇ ಬರಬೇಕು.

ಹಾಲು ಹೆಚ್ಚಾದರೆ

ನಮ್ಮ ಮೊಮ್ಮಗಳು ದಿನಕ್ಕೆ 240 ಮಿಲಿಲೀಟರಿನ ಮೂರು ಬಾಟಲಿ ಹಸುವಿನ ಹಾಲು ಕುಡಿಯುತ್ತಿದ್ದಳು. ಒಟ್ಟು 720. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅದರ ಕ್ಯಾಲ್ಸಿಯಂ ಮತ್ತು ಕೇಸಿನ್, ಜೊತೆಗೆ ತಿಂದ ಆಹಾರದ ಕಬ್ಬಿಣವನ್ನೂ ತಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಹಾಲು ಹೊಟ್ಟೆ ತುಂಬಿಸುತ್ತದೆ. ಬೇಳೆಗೆ, ತರಕಾರಿಗೆ ಜಾಗ ಉಳಿಯುವುದಿಲ್ಲ. ಮಗು ಊಟ ಬೇಡವೆನ್ನುತ್ತದೆ. "ಪಾಪ, ಏನೂ ತಿನ್ನಲಿಲ್ಲ" ಎಂದು ನಾವು ಇನ್ನೊಂದು ಬಾಟಲಿ ಕೊಡುತ್ತೇವೆ.

ಇಂಥ ಮಕ್ಕಳು ಗುಂಡುಗುಂಡಾಗಿಯೇ ಇರುತ್ತಾರೆ. ಇಲ್ಲಿನ ಕನ್ಸುಲ್ಟಾಟ್ಸಿಬ್ಯೂರೊ, ಅಂದರೆ ಮಕ್ಕಳ ತಪಾಸಣಾ ಕೇಂದ್ರ, ಒಳ್ಳೆಯ ವ್ಯವಸ್ಥೆ. ಅಲ್ಲಿ ತೂಕ, ಎತ್ತರ ಅಳೆಯುತ್ತಾರೆ, ಲಸಿಕೆ ಹಾಕುತ್ತಾರೆ. ಆದರೆ ಹಿಮೋಗ್ಲೋಬಿನ್ ನೋಡುವುದು ಅಲ್ಲಿನ ವಾಡಿಕೆಯಲ್ಲಿ ಇಲ್ಲ. ನಮ್ಮ ಮಗುವಿನ ತೂಕದ ಗೆರೆ ಚೆನ್ನಾಗಿಯೇ ಏರುತ್ತಿತ್ತು. ಅದನ್ನು ನೋಡಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ನಾನೇ.

ಈ ದೇಶದ ಆಹಾರ ಮಾಹಿತಿ ಸಂಸ್ಥೆಯಾದ ವೂಡಿಂಗ್ಸ್‌ಸೆಂಟ್ರುಮ್ ಒಂದರಿಂದ ಮೂರು ವರ್ಷದ ಮಕ್ಕಳಿಗೆ ಹೇಳುವುದು ದಿನಕ್ಕೆ ಸುಮಾರು 300 ಮಿಲಿಲೀಟರ್, ಮೊಸರೂ ಸೇರಿ. ಯಾವ ಲೆಕ್ಕದಲ್ಲಿ ನೋಡಿದರೂ ಅರ್ಧ ಲೀಟರ್ ಮೀರುವುದು ಬೇಡ. ಎದೆಹಾಲು ಮುಂದುವರಿಯುತ್ತಿದ್ದರೆ ಎರಡು ವರ್ಷದವರೆಗೂ ಅದನ್ನು ನಿಲ್ಲಿಸಬೇಕಿಲ್ಲ.

ಅಜ್ಜಿಯ ಕೈಕೆಲಸದಲ್ಲಿದ್ದ ವಿಜ್ಞಾನ

1980ರ ದಶಕದ ಆರಂಭದಲ್ಲಿ ನಾನು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದೆ. ನೀರಾದ ಗಂಜಿಯ ಮೇಲೆ ಬೆಳೆದ ಬಡಕಲು ಮಕ್ಕಳನ್ನು ದಿನವೂ ನೋಡುತ್ತಿದ್ದೆವು. ಅದೇ ಊರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಅದೇ ವರ್ಷಗಳಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಮಕ್ಕಳ ಆಹಾರ ತಯಾರಿಸುವ ಸಂಶೋಧನೆ ನಡೆಸಿ, 1982ರಲ್ಲಿ ಪ್ರಕಟಿಸಿದರು. ಆಗ ನಾನು ಅದನ್ನು ಓದಿರಲಿಲ್ಲ. ಮೊಮ್ಮಗಳ ದೆಸೆಯಿಂದ ಈಗ ಓದಿದೆ.

ಅವರು ಎತ್ತಿಕೊಂಡ ಸಮಸ್ಯೆ ಸರಳವಾದದ್ದು. ಸಾಮಾನ್ಯ ರಾಗಿ ಹಿಟ್ಟನ್ನು ಬೇಯಿಸಿದರೆ ಗಟ್ಟಿಯಾಗುತ್ತದೆ. ಮಗು ನುಂಗಲಿ ಎಂದು ನೀರು ಹಾಕಿ ತೆಳ್ಳಗೆ ಮಾಡಿದರೆ ಬಟ್ಟಲಿನಲ್ಲಿ ನೀರೇ ಹೆಚ್ಚು. ಒಂಬತ್ತು ಕೆ.ಜಿ. ಮಗುವಿನ ಹೊಟ್ಟೆಯಲ್ಲಿ ಒಂದು ಹೊತ್ತಿಗೆ ಹಿಡಿಸುವುದು ಸುಮಾರು 270 ಮಿಲಿಲೀಟರ್ ಮಾತ್ರ. ಅದರಲ್ಲಿ ನೀರೇ ತುಂಬಿದರೆ ಶಕ್ತಿ ಎಲ್ಲಿಂದ ಬರಬೇಕು? ರಾಗಿ ಮೊಳೆತಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸಿ ಗಂಜಿಯನ್ನು ಸಡಿಲ ಮಾಡುತ್ತದೆ. ಆಗ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು. ಫೈಟೇಟ್ ಕೂಡ ಮೊಳಕೆಯಲ್ಲಿ ಕಡಿಮೆಯಾಗುತ್ತದೆ.

ನಮ್ಮ ಅಜ್ಜಿಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ಮೂರು ದಿನದ ಕೆಲಸ. ನಾವು ಅಂಗಡಿಯಿಂದ ಮುದ್ದೆಗೆಂದು ತಂದ ಹಿಟ್ಟನ್ನೇ ಹಾಲಿನಲ್ಲಿ ಕುದಿಸಿ ಅದನ್ನೂ ಸರಿ ಎಂದು ಕರೆದೆವು. ಹೆಸರು ಉಳಿಯಿತು, ಮೊಳಕೆ ಹೋಯಿತು.

ಕಾಪೆಲ್ಲೆಯ ಅಡುಗೆಮನೆಯಲ್ಲಿ ಮೊಳಕೆ ರಾಗಿ

ಜನವರಿಯಲ್ಲಿ ಇಲ್ಲಿ ಬಿಸಿಲೆಲ್ಲಿ? ಆದರೂ ಕಷ್ಟವಿಲ್ಲ. ನಾವು ಮಾಡುವುದು ಹೀಗೆ:

1. ಅರ್ಧ ಕೆ.ಜಿ. ರಾಗಿ ಕಾಳನ್ನು ನಾಲ್ಕೈದು ಸಲ ತೊಳೆದು ಹನ್ನೆರಡು ಗಂಟೆ ನೆನೆಸಿ.
2. ನೀರು ಬಸಿದು ಹತ್ತಿ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿನ ಜಾಗದಲ್ಲಿಡಿ. ಊರಿನಲ್ಲಿ ಒಂದು ದಿನ ಸಾಕು. ಇಲ್ಲಿ ಎರಡು ದಿನ ಬೇಕು. ಮುಗ್ಗಲು ವಾಸನೆ ಬಂದರೆ, ಬೂಸಲು ಕಂಡರೆ ಪೂರ್ತಿ ಎಸೆಯಿರಿ. ತೊಳೆದು ಉಳಿಸುವ ಪ್ರಯತ್ನ ಬೇಡ.
3. ಓವನ್ನಿನ ತಟ್ಟೆಯಲ್ಲಿ ತೆಳುವಾಗಿ ಹರಡಿ 50 ಡಿಗ್ರಿಯಲ್ಲಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ಗರಿಗರಿಯಾಗುವವರೆಗೆ ಒಣಗಿಸಿ. ಬಾಣಲೆಯಲ್ಲಿ ಘಮ್ಮೆನ್ನುವಷ್ಟು ಹುರಿದರೆ ಕಿಣ್ವ ಸಾಯುತ್ತದೆ.
4. ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಪುಡಿ ಮಾಡಿ, ಜರಡಿ ಹಿಡಿದು ಫ್ರಿಜ್ಜಿನಲ್ಲಿಡಿ.
5. ಸರಿ ಕಾಯಿಸುವಾಗ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಿ, ಕೊನೆಗೆ ಚೆನ್ನಾಗಿ ಕುದಿಸಿ. ಕುದಿಯುವ ನೀರಿಗೆ ನೇರವಾಗಿ ಸುರಿದರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ.

ಒಂದು ಬಟ್ಟಲಿಗೆ ಸಾಮಾನ್ಯ ಹಿಟ್ಟು, ಇನ್ನೊಂದಕ್ಕೆ ಅಷ್ಟೇ ಮೊಳಕೆ ಹಿಟ್ಟು ಹಾಕಿ ಕಾಯಿಸಿ ನೋಡಿ. ವ್ಯತ್ಯಾಸ ಚಮಚಕ್ಕೇ ಗೊತ್ತಾಗುತ್ತದೆ.

ಸರಿಯ ಜೊತೆಗೆ ಏನು?

ಮೊಳಕೆ ಬರಿಸಿದರೂ ರಾಗಿಯೊಂದೇ ಸಾಲದು. ಮಕ್ಕಳ ಆಹಾರದ ವೈವಿಧ್ಯ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಎಂಟು ಗುಂಪು ಮಾಡಿದೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜಗಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ವಿಟಮಿನ್ 'ಎ' ಇರುವ ಹಣ್ಣು ತರಕಾರಿ, ಉಳಿದ ಹಣ್ಣು ತರಕಾರಿ. ದಿನಕ್ಕೆ ಕನಿಷ್ಠ ಐದು ಗುಂಪು ಮಗುವಿನ ಬಾಯಿಗೆ ಹೋಗಬೇಕು. ನಮ್ಮ ಮೊಮ್ಮಗಳ ದಿನವನ್ನು ಎಣಿಸಿದೆ. ಹೆಚ್ಚಿನ ದಿನ ರಾಗಿ, ಅನ್ನ, ಹಾಲು, ಬಾಳೆಹಣ್ಣು. ಮೂರೇ ಗುಂಪು.

ಈಗ ಅವಳ ದಿನ ಹೀಗಿದೆ. ಬೆಳಿಗ್ಗೆ ಮೊಳಕೆ ರಾಗಿ ಸರಿ, ನೀರಿನಲ್ಲೇ ಕಾಯಿಸಿದ್ದು, ಅರ್ಧ ಚಮಚ ತುಪ್ಪ, ಮೇಲೆ ಕಿವುಚಿದ ಕಿವಿ ಹಣ್ಣು ಅಥವಾ ಸ್ಟ್ರಾಬೆರಿ. 'ಸಿ' ವಿಟಮಿನ್ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಕ್ರೆಶ್‌ನಲ್ಲಿ ಹತ್ತು ಗಂಟೆಗೆ ಹಣ್ಣು. ಮಧ್ಯಾಹ್ನ ಗೋಧಿ ಬ್ರೆಡ್ಡಿನ ಮೇಲೆ ಉಪ್ಪು ಸಕ್ಕರೆಯಿಲ್ಲದ ಪಿಂಡಕಾಸ್, ಅಂದರೆ ಕಡಲೆಕಾಯಿ ಬೆಣ್ಣೆ, ತೆಳುವಾಗಿ. ಸಂಜೆ ಮೊಸರು. ರಾತ್ರಿ ನಮ್ಮೆಲ್ಲರ ಜೊತೆ ಊಟ: ಹೆಸರುಬೇಳೆ ಹುಗ್ಗಿ, ಮಸೂರ ಬೇಳೆಯ ತೊವ್ವೆ, ಅರೆದ ಕಡಲೆಕಾಳು, ಕ್ಯಾರೆಟ್, ಸೊಪ್ಪು. ಉಪ್ಪು ಖಾರ ಹಾಕುವ ಮುನ್ನ ಅವಳ ಪಾಲು ತೆಗೆದಿಡುತ್ತೇವೆ. ಒಲೆಯಿಂದ ಇಳಿಸಿದ ಮೇಲೆ ಎರಡು ಹನಿ ನಿಂಬೆರಸ. ಮಲಗುವ ಮುಂಚೆ ಬಾಟಲಿ ಬಿಟ್ಟು ಲೋಟದಲ್ಲಿ ಒಂದಿಷ್ಟು ಹಾಲು.

ತಿನ್ನುವ ಮನೆಗಳಲ್ಲಿ ಮೊಟ್ಟೆ, ಕೋಳಿ, ಕೈಮಾ, ಮುಳ್ಳು ತೆಗೆದ ಮೀನು ಧಾರಾಳವಾಗಿ ಕೊಡಿ. ಮಾಂಸದ ಕಬ್ಬಿಣ ಕಾಳಿನ ಕಬ್ಬಿಣಕ್ಕಿಂತ ಬಹಳ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಕರಾವಳಿಯವರಿಗೆ ಬಂಗುಡೆಯ ಬದಲು ಇಲ್ಲಿನ ತಾಜಾ ಮಾಕ್ರೇಲ್ ಇದೆ. ಹೊಗೆಯಾಡಿಸಿದ್ದರಲ್ಲಿ ಉಪ್ಪು ಜಾಸ್ತಿ. ಶುದ್ಧ ಸಸ್ಯಾಹಾರಿಗಳು ಬಿ12 ಮರೆಯಬಾರದು. ತಾಯಿಯಲ್ಲಿ ಬಿ12 ಕೊರತೆಯಿದ್ದು ಎದೆಹಾಲಿನ ಮೇಲೇ ಬೆಳೆದ ಶಿಶುಗಳ ಕಾಯಿಲೆಯನ್ನು ವೆಲ್ಲೂರಿನ ವೈದ್ಯರು 1962ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿವರಿಸಿದ್ದರು.

ವಿಟಮಿನ್ 'ಡಿ' ಹನಿಗಳ ವಿಷಯದಲ್ಲಿ ಉದಾಸೀನ ಬೇಡ. ಇಲ್ಲಿ ಎಲ್ಲ ಮಕ್ಕಳಿಗೂ ನಾಲ್ಕು ವರ್ಷದವರೆಗೆ ದಿನಕ್ಕೆ 10 ಮೈಕ್ರೋಗ್ರಾಂ. ನಮ್ಮಂಥ ಕಂದು ಚರ್ಮದವರು ಆಮೇಲೂ ಮುಂದುವರಿಸಬೇಕು. 'ಡಿ' ಇಲ್ಲದಿದ್ದರೆ ರಾಗಿಯ ಅಷ್ಟೊಂದು ಕ್ಯಾಲ್ಸಿಯಂ ಇದ್ದೂ ಮೂಳೆಗೆ ಪೂರ್ತಿ ದಕ್ಕುವುದಿಲ್ಲ.

ಬೆಲ್ಲದಲ್ಲಿ ಕಬ್ಬಿಣವಿದೆ ಎಂದು ನಾವು ನಂಬಿದ ಹಾಗೆಯೇ, ಆಪೆಲ್‌ಸ್ಟ್ರೋಪ್ ತಿಂದರೆ ರಕ್ತ ಬರುತ್ತದೆ ಎಂಬ ಮಾತು ಡಚ್ಚರಲ್ಲೂ ಹಳೆಯದು. ಎರಡರಲ್ಲೂ ಮಗುವಿಗೆ ಸಿಗುವುದು ಮುಖ್ಯವಾಗಿ ಸಕ್ಕರೆ. ಇಡೀ ಗೋಡಂಬಿ, ಬಾದಾಮಿ, ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಪುಡಿ ಮಾಡಿಯೇ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ವರ್ಷ ತುಂಬುವ ಮುನ್ನ ಜೇನುತುಪ್ಪ ಬೇಡವೇ ಬೇಡ.

ಕೊನೆಯದಾಗಿ

ಮಗು ಬಿಳಿಚಿಕೊಂಡಿದ್ದರೆ, ಬೇಗ ಸುಸ್ತಾಗುತ್ತಿದ್ದರೆ, ಮಣ್ಣು ಕಾಗದ ತಿನ್ನುತ್ತಿದ್ದರೆ, ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುತ್ತಿದ್ದರೆ, ಮನೆವೈದ್ಯರಿಗೆ ಹೇಳಿ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ ಪರೀಕ್ಷೆ ಕೇಳಿ. ಪರೀಕ್ಷೆಯಿಲ್ಲದೆ ಊರಿನಿಂದ ಕಬ್ಬಿಣದ ಟಾನಿಕ್ ತರಿಸಿ ಕುಡಿಸಬೇಡಿ. ಥಲಸೇಮಿಯಾ ವಾಹಕ ಮಕ್ಕಳಲ್ಲೂ ರಕ್ತ ಕಡಿಮೆಯಿರುತ್ತದೆ. ಆದರೆ ಅದಕ್ಕೆ ಕಬ್ಬಿಣ ಔಷಧವಲ್ಲ.

ನಮ್ಮ ಮೊಮ್ಮಗಳಿಗೆ ವೈದ್ಯರು ಕಬ್ಬಿಣದ ದ್ರವ ಕೊಟ್ಟರು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 6.9ಕ್ಕೆ, ಅಂದರೆ 11.1 ಗ್ರಾಂಗೆ ಏರಿತು. ಬಾಟಲಿ ಬಿಡಿಸಿದ ಮೊದಲ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ಎರಡನೇ ವಾರ ಹಸಿವು ತಾನಾಗಿ ಬಂತು. ಹುಗ್ಗಿಯ ಬಟ್ಟಲನ್ನು ಅವಳೇ ಎಳೆದುಕೊಂಡಳು.

ನನ್ನ ಹೆಂಡತಿ ಈಗಲೂ ಬೆಳಗಿನ ಸರಿಯನ್ನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳುವುದಿಲ್ಲ. ರಾಗಿ ಕಾಳು ನೆನೆಸುವ ಕೆಲಸ ಮಾತ್ರ ಈಗ ನನ್ನದು.